ಹಿರಿಯರು ಬಿಟ್ಟುಹೋದ ಕೋವಿ: ಪರವಾನಗಿಯನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳುವ ಬಗೆ

ಮಲೆನಾಡಿನ ಕೃಷಿಕರ ಮನೆಗಳಲ್ಲಿ ಯಜಮಾನರು ತೀರಿಕೊಂಡ ಮೇಲೆ ಪಹಣಿಯ ಖಾತೆ ಬದಲಾವಣೆಗೂ ಸೊಸೈಟಿಯ ಸಾಲದ ಲೆಕ್ಕಕ್ಕೂ ಮಕ್ಕಳು ಓಡಾಡುತ್ತಾರೆ. ಆದರೆ ಒಳಕೋಣೆಯ ಗೋಡೆಗೆ ತೂಗುಹಾಕಿದ ಕೋವಿಯ ಪರವಾನಗಿಯೂ ಅದೇ ದಿನ ಜೀವ ಕಳೆದುಕೊಂಡಿತು ಎಂಬುದು ಹೆಚ್ಚಿನವರಿಗೆ ಹೊಳೆಯುವುದೇ ಇಲ್ಲ. ಪರವಾನಗಿ ವ್ಯಕ್ತಿಗೆ ಕೊಟ್ಟದ್ದೇ ಹೊರತು ಮನೆತನಕ್ಕೆ ಕೊಟ್ಟದ್ದಲ್ಲ. ಆ ವ್ಯಕ್ತಿ ಇಲ್ಲವಾದ ಮೇಲೆ ಅದೇ ಕೋವಿ ಅದೇ ಗೋಡೆಯಲ್ಲಿ ಇದ್ದರೂ, ಅದು ಪರವಾನಗಿ ಇಲ್ಲದ ಬಂದೂಕು. ಪರವಾನಗಿ ಇಲ್ಲದೆ ಬಂದೂಕು ಇಟ್ಟುಕೊಂಡವರಿಗೆ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿಯ ನಂತರ ಕನಿಷ್ಠ 2 ವರ್ಷಗಳಿಂದ 5 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ. ನನ್ನ ತಂದೆಯವರ ಒಂಟಿನಳಿಗೆಯ ಕೋವಿಯ ವಿಷಯದಲ್ಲಿ ಈ ಕಾಗದಪತ್ರಗಳ ದಾರಿಯನ್ನು ನಾನೇ ನಡೆದಿದ್ದೇನೆ. ನಂತರ ನೆರೆಹೊರೆಯ ಕೆಲವರಿಗೂ ಅರ್ಜಿ ಬರೆದುಕೊಟ್ಟಿದ್ದೇನೆ. ತಪ್ಪು ಮಾಡುವ ಉದ್ದೇಶವೇ ಇಲ್ಲದ ಜನ ಕೇವಲ ತಡಮಾಡಿದ್ದರಿಂದ ತೊಂದರೆಗೆ ಸಿಕ್ಕುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲಿಗೆ ಈ ಕಾನೂನು ಯಾರದು ಎಂಬುದು ಸ್ಪಷ್ಟವಾಗಬೇಕು. ಶಸ್ತ್ರಾಸ್ತ್ರ, ಮದ್ದುಗುಂಡು ಮತ್ತು ಸ್ಫೋಟಕಗಳು ಸಂವಿಧಾನದ ಕೇಂದ್ರ ಪಟ್ಟಿಯ 5ನೇ ನಮೂದಿನಲ್ಲಿವೆ. ಆದ್ದರಿಂದ ಬಂದೂಕಿನ ಪರವಾನಗಿಯ ಮೂಲ ಕಾನೂನು ನಮ್ಮ ವಿಧಾನಸಭೆಯದಲ್ಲ, ಸಂಸತ್ತಿನ 1959ರ ಶಸ್ತ್ರಾಸ್ತ್ರ ಕಾಯ್ದೆ. ಅದರ ಕೆಳಗೆ ಈಗ ಜಾರಿಯಲ್ಲಿರುವುದು 2016ರ ನಿಯಮಗಳು. ರಾಜ್ಯದ ಪಾತ್ರ ಬರುವುದು ಆಡಳಿತದಲ್ಲಿ. ಜಿಲ್ಲೆಗಳಲ್ಲಿ ಜಿಲ್ಲಾ ದಂಡಾಧಿಕಾರಿಯಾದ ಜಿಲ್ಲಾಧಿಕಾರಿಗಳು ಮತ್ತು ಬೆಂಗಳೂರು ನಗರದಲ್ಲಿ ಪೊಲೀಸ್ ಆಯುಕ್ತರು ಪರವಾನಗಿ ಕೊಡುವ ಪ್ರಾಧಿಕಾರಿಗಳು. ಇದಲ್ಲದೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯ 35ನೇ ಕಲಮು, ಶಾಂತಿಭಂಗದ ಸೂಚನೆ ಇರುವಾಗ ಸಾರ್ವಜನಿಕ ಸ್ಥಳದಲ್ಲಿ ಕತ್ತಿ, ಭರ್ಜಿ, ದೊಣ್ಣೆ, ಬಂದೂಕು ಹಿಡಿದು ಓಡಾಡುವುದನ್ನು ನಿಷೇಧಿಸುವ ಅಧಿಕಾರವನ್ನು ಕೊಟ್ಟಿದೆ. ಅಂಥ ಆದೇಶ ಹೊರಟ ದಿನ ನಿಮ್ಮ ಕಿಸೆಯಲ್ಲಿ ಸಿಂಧುವಾದ ಪರವಾನಗಿ ಇದ್ದರೂ ಕೋವಿ ಮನೆಯಲ್ಲೇ ಇರಬೇಕಾಗುತ್ತದೆ.

ಕೋವಿಯ ಜಾತಿಯನ್ನು ಗುರುತಿಸಿಕೊಳ್ಳಿ

ಕಾನೂನು ಎಲ್ಲ ಬಂದೂಕುಗಳನ್ನೂ ಒಂದೇ ಕಣ್ಣಿನಿಂದ ನೋಡುವುದಿಲ್ಲ. ಆದ್ದರಿಂದ ಅರ್ಜಿ ಬರೆಯುವ ಮೊದಲು ಮನೆಯಲ್ಲಿರುವುದು ಯಾವ ಬಗೆಯದು ಎಂದು ಪರವಾನಗಿ ಪುಸ್ತಕ ನೋಡಿ ತಿಳಿದುಕೊಳ್ಳಿ. ನಳಿಗೆಯ ಬಾಯಿಯಿಂದ ಮದ್ದು, ಚರೆ ತುಂಬಿ ಗಜದಿಂದ ಗಿಡಿದು ಕೇಪು ಇಟ್ಟು ಹೊಡೆಯುವ ಕೇಪಿನ ಕೋವಿಯನ್ನು ಬೆಳೆ ರಕ್ಷಣೆಗಾಗಿ ಕೇಳುವವರಿಗೆ ಕಾಯ್ದೆಯ 13ನೇ ಕಲಮು ವಿಶೇಷ ಸ್ಥಾನ ಕೊಟ್ಟಿದೆ. ಬೆಳೆ ರಕ್ಷಣೆಯ ಅಗತ್ಯ ನಿಜವಾದದ್ದಾಗಿದ್ದು ನಿರಾಕರಿಸಲು ಬೇರೆ ಕಾನೂನುಬದ್ಧ ಕಾರಣ ಇಲ್ಲದಿದ್ದರೆ ಪರವಾನಗಿ ಕೊಡಬೇಕು ಎಂಬುದೇ ಅದರ ಧಾಟಿ. ಕೇಪಿನ ಕೋವಿ ಸಾಲದು ಎಂದು ಪ್ರಾಧಿಕಾರಕ್ಕೆ ಮನವರಿಕೆಯಾದರೆ ತೋಟಾ ಹಾಕುವ, ನಳಿಗೆಯ ಒಳಮೈ ನುಣುಪಾಗಿರುವ ನಯನಳಿಗೆಯ ಕೋವಿಗೂ ಬೆಳೆ ರಕ್ಷಣೆಯ ಹೆಸರಿನಲ್ಲಿ ಪರವಾನಗಿ ಕೊಡಬಹುದು. ನಳಿಗೆ 20 ಇಂಚಿಗೆ ಕಡಿಮೆಯಿಲ್ಲದ ನಯನಳಿಗೆಯ ಬಂದೂಕನ್ನು, ಅಂದರೆ ನಮ್ಮ ಕಡೆ ಒಂಟಿನಳಿಗೆ, ಜೋಡುನಳಿಗೆ ಎಂದು ಕರೆಯುವ 12 ಬೋರಿನ ಕೋವಿಗಳನ್ನು, ಆತ್ಮರಕ್ಷಣೆಗೆ ಅಥವಾ ಕ್ರೀಡೆಗೆ ಕೇಳುವವರಿಗೂ ಇದೇ ಕಲಮು ಅನ್ವಯಿಸುತ್ತದೆ. ಈ ಕಲಮಿನ ಆಸರೆ ರಿವಾಲ್ವರ್, ಪಿಸ್ತೂಲುಗಳಿಗೆ ಇಲ್ಲ. ಅವುಗಳನ್ನು ಕೇಳುವವರು ತಮಗೆ ಅದರ ಅಗತ್ಯವೇನು ಎಂಬುದನ್ನು ಬೇರೆಯಾಗಿಯೇ ತೋರಿಸಿಕೊಡಬೇಕು.

ಹಳೆಯ ಮನೆಗಳಲ್ಲಿ ಅಪರೂಪಕ್ಕೆ .303 ರೈಫಲ್ ಸಿಗುವುದುಂಟು. ಅದು ನಿಷೇಧಿತ ಬೋರಿಗೆ, ಅಂದರೆ ಕಾನೂನು ವಿಶೇಷವಾಗಿ ನಿರ್ಬಂಧಿಸಿದ ನಳಿಗೆಯ ಅಳತೆಗೆ, ಸೇರಿದ್ದು. ಅದರ ನಿರ್ಧಾರ ಜಿಲ್ಲಾಧಿಕಾರಿಗಳ ಕೈಯಲ್ಲಿಲ್ಲ, ಕೇಂದ್ರ ಗೃಹ ಸಚಿವಾಲಯದ ಕೈಯಲ್ಲಿದೆ. ಆದ್ದರಿಂದ ಅಂಥದ್ದು ಸಿಕ್ಕರೆ ಅದನ್ನು ಬಿಚ್ಚಿ ತೊಳೆಯುವ, ಗೆಳೆಯರಿಗೆ ತೋರಿಸುವ ಕೆಲಸಕ್ಕೆ ಇಳಿಯದೆ ನೇರವಾಗಿ ಠಾಣೆಗೆ ತಿಳಿಸಬೇಕು. ಏರ್‌ಗನ್ನಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ನಳಿಗೆಯ ವ್ಯಾಸ .177 ಇಂಚು ಮೀರಿದರೆ ಅಥವಾ ಗುಂಡಿನ ಶಕ್ತಿ 20 ಜೌಲ್ ಮೀರಿದರೆ ಅದಕ್ಕೂ ಪರವಾನಗಿ ಬೇಕು. ದುರಸ್ತಿ ಮಾಡಿದರೂ ಹಾರದಷ್ಟು ಕೆಟ್ಟುಹೋದ, ಕೇವಲ ಪುರಾತನ ವಸ್ತುವಾಗಿ ಉಳಿದ ಬಂದೂಕನ್ನು ಕಾಯ್ದೆಯ 45ನೇ ಕಲಮು ಹೊರಗಿಟ್ಟಿದೆ. ಆದರೆ ಅದು ಹಾರುವುದಿಲ್ಲ ಎಂದು ನೀವೇ ತೀರ್ಮಾನಿಸಿಕೊಳ್ಳಬೇಡಿ. ಠಾಣೆಗೆ ಲಿಖಿತವಾಗಿ ತಿಳಿಸಿ ಪರೀಕ್ಷೆ ಮಾಡಿಸಿಕೊಳ್ಳುವುದೇ ಕ್ಷೇಮ.

ಮೊದಲ ಕೆಲಸ ಠೇವಣಿ

ಪರವಾನಗಿದಾರರು ತೀರಿಕೊಂಡ ಮೇಲೆ ಕೋವಿಯನ್ನು ಅನಾವಶ್ಯಕ ವಿಳಂಬವಿಲ್ಲದೆ ಹತ್ತಿರದ ಪೊಲೀಸ್ ಠಾಣೆಯಲ್ಲಿ ಅಥವಾ ಪರವಾನಗಿ ಪಡೆದ ಶಸ್ತ್ರ ವ್ಯಾಪಾರಿಯಲ್ಲಿ ಠೇವಣಿ ಇಡಬೇಕೆಂದು 21ನೇ ಕಲಮು ಹೇಳುತ್ತದೆ. ವೈಕುಂಠ ಸಮಾರಾಧನೆಯ ಗದ್ದಲ ಮುಗಿದ ಕೂಡಲೇ ಇದನ್ನು ಮಾಡಿಬಿಡಿ. ಇಲ್ಲೊಂದು ಸೂಕ್ಷ್ಮವಿದೆ. ಪರವಾನಗಿದಾರರು ಬದುಕಿರುವಾಗ ಅವರ ಲಿಖಿತ ಅನುಮತಿಯ ಮೇಲೆ ಮಗನೋ ಆಳೋ ದುರಸ್ತಿಗೆ ಅಥವಾ ನವೀಕರಣಕ್ಕೆ ಕೋವಿ ಒಯ್ಯಲು 3ನೇ ಕಲಮು ಅವಕಾಶ ಕೊಡುತ್ತದೆ. ಅವರು ತೀರಿಕೊಂಡ ಮೇಲೆ ಅಂಥ ಅನುಮತಿ ಕೊಡುವವರೇ ಇರುವುದಿಲ್ಲ. ಆದ್ದರಿಂದ ಕೋವಿಯನ್ನು ಜೀಪಿಗೆ ಹಾಕಿಕೊಂಡು ಹೊರಡುವ ಮೊದಲು ಠಾಣೆಗೆ ಒಂದು ಪತ್ರ ಕೊಟ್ಟು, ಅದರ ನಕಲಿನ ಮೇಲೆ ಸ್ವೀಕೃತಿಯ ಮೊಹರು ಹಾಕಿಸಿಕೊಂಡು, ಅವರು ಹೇಳಿದ ದಿನ ಒಯ್ಯುವುದು ಸರಿಯಾದ ಕ್ರಮ. ಮನೆಯಲ್ಲಿ ಉಳಿದ ತೋಟಾಗಳನ್ನೂ ಎಣಿಸಿ ಜೊತೆಗೇ ಒಪ್ಪಿಸಬೇಕು.

ಠೇವಣಿಗೆ ಮುಂಚೆ ನಳಿಗೆಯನ್ನು ಒಣಬಟ್ಟೆಯಿಂದ ಒರೆಸಿ ತೆಳುವಾಗಿ ಎಣ್ಣೆ ಹಚ್ಚಿ. ಮಳೆಗಾಲದಲ್ಲಿ ಠಾಣೆಯ ಮಾಲಖಾನೆಯಲ್ಲಿ ನಾಲ್ಕು ತಿಂಗಳು ನಿಂತ ಕೋವಿ ಕೆಂಪಗೆ ತುಕ್ಕು ಹಿಡಿದು ಬಂದದ್ದನ್ನು ನಾನು ಕಂಡಿದ್ದೇನೆ. ಆ ಎಣ್ಣೆ ಹಚ್ಚುವ ಹೊತ್ತಿನಲ್ಲೇ ಇನ್ನೊಂದು ಮುಖ್ಯ ಕೆಲಸವಿದೆ. ನಳಿಗೆಯ ಬುಡದಲ್ಲಿ ಕೊರೆದಿರುವ ಸಂಖ್ಯೆಯನ್ನು ಹಗಲ ಬೆಳಕಿನಲ್ಲಿ ಓದಿ ಪುಸ್ತಕದ ಸಂಖ್ಯೆಯೊಂದಿಗೆ ತಾಳೆ ನೋಡಿ. ನಮ್ಮ ಕೋವಿಯಲ್ಲಿ ಸಂಖ್ಯೆಯ ಕೊನೆಯ ಅಂಕಿ 3 ಇತ್ತು, ಪುಸ್ತಕದಲ್ಲಿ 8 ಎಂದು ಬರೆದಿತ್ತು. ಎಂದೋ ಯಾರೋ ತುಕ್ಕಿನ ಮೇಲೆ ಓದಿ ಬರೆದ ಆ ಒಂದು ಅಂಕಿಯನ್ನು ಮೂರು ನವೀಕರಣಗಳಲ್ಲಿಯೂ ಹಾಗೆಯೇ ನಕಲು ಮಾಡಲಾಗಿತ್ತು. ನಾನು ಅದನ್ನು ಗಮನಿಸಿದ್ದು ಠಾಣೆಯ ಬರಹಗಾರರು ಸಂಖ್ಯೆಯನ್ನು ಗಟ್ಟಿಯಾಗಿ ಓದಿದಾಗ. ಅದನ್ನು ಸರಿಪಡಿಸುವ ಪ್ರತ್ಯೇಕ ಅರ್ಜಿ, ಮಹಜರು, ವರದಿಗಳಿಗೆ ಐದು ತಿಂಗಳು ಹೋಯಿತು. ನೀವು ವ್ಯತ್ಯಾಸ ಕಂಡರೆ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಮೃದುವಾಗಿ ಒರೆಸಿ ಓದಿ. ಯಾವ ಕಾರಣಕ್ಕೂ ಸಂಖ್ಯೆಯ ಮೇಲೆ ಅರ, ಉಪ್ಪುಕಾಗದ ಆಡಿಸಬೇಡಿ. ಗುರುತಿನ ಸಂಖ್ಯೆಯನ್ನು ಅಳಿಸುವುದು ಅದೇ ಒಂದು ಅಪರಾಧ.

ಠೇವಣಿಯ ರಸೀದಿಯಲ್ಲಿ ಕೋವಿಯ ಬಗೆ, ಸಂಖ್ಯೆ, ತೋಟಾಗಳ ಎಣಿಕೆ ಮತ್ತು ದಿನಾಂಕ ಇರಲೇಬೇಕು. ರಸೀದಿ ಕೈಗೆ ಬಾರದೆ ಠಾಣೆಯಿಂದ ಏಳಬೇಡಿ. ಠೇವಣಿ ಇಟ್ಟ ಮಾತ್ರಕ್ಕೆ ಕೋವಿ ಕೈತಪ್ಪುವುದಿಲ್ಲ. ವಾರಸುದಾರರು ಪರವಾನಗಿ ಪಡೆದು ಅದನ್ನು ಮರಳಿ ಪಡೆಯುವ ಅಥವಾ ಇಟ್ಟುಕೊಳ್ಳಲು ಅರ್ಹರಾದವರಿಗೆ ಮಾರುವ ಹಕ್ಕನ್ನು ಅದೇ 21ನೇ ಕಲಮು ಉಳಿಸಿಕೊಟ್ಟಿದೆ. ಆದರೆ ನಿಗದಿತ ಅವಧಿಯೊಳಗೆ ಯಾರೂ ಕೇಳದಿದ್ದರೆ ಸರ್ಕಾರಕ್ಕೆ ಮುಟ್ಟುಗೋಲು ಹಾಕಿಕೊಳ್ಳುವ ಅಧಿಕಾರವೂ ಅದರಲ್ಲೇ ಇದೆ.

ವಾರಸುದಾರರ ಅರ್ಜಿ

2016ರ ನಿಯಮಗಳ 25ನೇ ನಿಯಮ ವಾರಸುದಾರರಿಗೆ ಪರವಾನಗಿ ಕೊಡುವುದಕ್ಕೇ ಮೀಸಲಾಗಿದೆ. ಇದರಲ್ಲಿ ಬಹಳ ಜನರಿಗೆ ತಿಳಿಯದ ಒಂದು ಅನುಕೂಲವಿದೆ. ಪರವಾನಗಿದಾರರಿಗೆ 70 ವರ್ಷ ತುಂಬಿದ್ದರೆ ಅಥವಾ ಕೋವಿ ಅವರ ಬಳಿ 25 ವರ್ಷ ಇದ್ದರೆ, ಇವೆರಡರಲ್ಲಿ ಯಾವುದು ಮೊದಲೋ ಆಗ, ಅವರು ಬದುಕಿರುವಾಗಲೇ ತಮ್ಮ ವಾರಸುದಾರರೊಬ್ಬರನ್ನು ಹೆಸರಿಸಿ ಪರವಾನಗಿ ಅವರಿಗೆ ಸಿಗುವಂತೆ ಮಾಡಬಹುದು. ನಿಮ್ಮ ಮನೆಯ ಹಿರಿಯರು ಈ ವಯಸ್ಸಿನವರಾಗಿದ್ದರೆ ದಯವಿಟ್ಟು ಈ ವರ್ಷವೇ ಈ ಕೆಲಸ ಮಾಡಿಸಿಕೊಳ್ಳಿ. ಅವರು ಎದುರಿಗೆ ಕುಳಿತು ಸಹಿ ಹಾಕುವಾಗ ಒಂದು ದಿನದಲ್ಲಿ ಮುಗಿಯುವ ವಿಷಯಕ್ಕೆ, ಅವರು ಹೋದ ಮೇಲೆ ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರೆಲ್ಲರ ಒಪ್ಪಿಗೆ ಎಂದು ತಿಂಗಳುಗಟ್ಟಲೆ ಅಲೆಯಬೇಕಾಗುತ್ತದೆ. ಒಬ್ಬ ತಂಗಿ ಮುಂಬೈಯಲ್ಲಿ, ಒಬ್ಬ ತಮ್ಮ ಅಮೆರಿಕದಲ್ಲಿ ಇರುವ ಇಂದಿನ ಕುಟುಂಬಗಳಲ್ಲಿ ಆ ಒಪ್ಪಿಗೆ ಪತ್ರಗಳನ್ನು ಕೂಡಿಸುವುದೇ ದೊಡ್ಡ ಕೆಲಸ.

ಅರ್ಜಿಯ ನಮೂನೆ ಎ-1. ಅದರೊಂದಿಗೆ ಗುರುತು ಮತ್ತು ವಾಸದ ದಾಖಲೆ, ಭಾವಚಿತ್ರಗಳು, ಹಳೆಯ ಪರವಾನಗಿ ಪುಸ್ತಕ, ಠೇವಣಿ ರಸೀದಿ, ಮರಣ ಪ್ರಮಾಣಪತ್ರ, ವಂಶವೃಕ್ಷ, ಉಳಿದ ವಾರಸುದಾರರ ನಿರಾಕ್ಷೇಪಣಾ ಪತ್ರಗಳನ್ನು ಜೋಡಿಸಿ. ಬೆಳೆ ರಕ್ಷಣೆಗಾಗಿ ಕೇಳುವುದಾದರೆ ಪಹಣಿ ಬೇಕು. ಅರ್ಜಿದಾರರು ಮಾನಸಿಕವಾಗಿ ಮತ್ತು ದೈಹಿಕವಾಗಿ ಸದೃಢರಾಗಿದ್ದಾರೆ, ಮಾದಕ ವಸ್ತುಗಳ ಚಟವಿಲ್ಲ ಎಂಬ ವೈದ್ಯಕೀಯ ಪ್ರಮಾಣಪತ್ರ, ಬಂದೂಕಿನ ಸುರಕ್ಷಿತ ಬಳಕೆಯ ತರಬೇತಿ ಪಡೆದ ಪ್ರಮಾಣಪತ್ರ ಮತ್ತು ಸುರಕ್ಷಿತವಾಗಿ ಇಟ್ಟುಕೊಳ್ಳುವ ಮುಚ್ಚಳಿಕೆ ಕೂಡ ಅಗತ್ಯ. ತರಬೇತಿಯನ್ನು ಕೇವಲ ಒಂದು ಕಾಗದವೆಂದು ತಿಳಿಯಬೇಡಿ. ಚಿಕ್ಕಂದಿನಿಂದ ಕೋವಿ ನೋಡುತ್ತಲೇ ಬೆಳೆದ ನನಗೂ, ಬೇಲಿ ದಾಟುವ ಮೊದಲು ತೋಟಾ ತೆಗೆದು ನಳಿಗೆಯನ್ನು ಮಡಚಿ ತೆರೆದು ಹಿಡಿಯಬೇಕೆಂಬುದು ಕೈಗೆ ಅಭ್ಯಾಸವಾದದ್ದು ಅಲ್ಲಿಯೇ.

ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಆಸ್ತಿ ಕಡಿಮೆ ಎಂಬ ಕಾರಣವೊಂದರಿಂದಲೇ ಪರವಾನಗಿ ನಿರಾಕರಿಸುವಂತಿಲ್ಲ ಎಂದು 14ನೇ ಕಲಮು ಸ್ಪಷ್ಟವಾಗಿ ಹೇಳಿದೆ. ಎರಡು ಎಕರೆಯ ಸಣ್ಣ ಹಿಡುವಳಿದಾರರು ಇದನ್ನು ನೆನಪಿನಲ್ಲಿಡಬೇಕು. ಒಬ್ಬ ವ್ಯಕ್ತಿಯ ಬಳಿ ಹಿಂದೆ ಮೂರು ಬಂದೂಕುಗಳವರೆಗೆ ಇರಬಹುದಾಗಿತ್ತು. 2019ರ ಡಿಸೆಂಬರಿನಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಎರಡಕ್ಕೆ ಇಳಿಸಿತು. ಪಿತ್ರಾರ್ಜಿತವಾಗಿ ಬಂದ ಕೋವಿಯೂ ಈ ಎರಡರ ಲೆಕ್ಕದಲ್ಲೇ ಸೇರುತ್ತದೆ. ನಿಮ್ಮ ಹೆಸರಿನಲ್ಲಿ ಈಗಾಗಲೇ ಎರಡು ಇದ್ದರೆ ತಂದೆಯ ಕೋವಿಗೆ ಪತ್ನಿಯೋ ಸಹೋದರಿಯೋ ಅರ್ಜಿ ಹಾಕುವುದೇ ದಾರಿ. ಹೆಣ್ಣುಮಕ್ಕಳ ಹೆಸರಿನಲ್ಲಿ ಪರವಾನಗಿ ಪಡೆಯಲು ಕಾನೂನಿನ ಯಾವ ಅಡ್ಡಿಯೂ ಇಲ್ಲ. ಒಂಟಿಯಾಗಿ ತೋಟ ನೋಡಿಕೊಳ್ಳುವ ಎಷ್ಟೋ ಹೆಣ್ಣುಮಕ್ಕಳಿಗೆ ನಿಜವಾಗಿ ಅದರ ಅಗತ್ಯವಿದೆ.

ನಿಮ್ಮ ಊರು ಅಭಯಾರಣ್ಯದ ಹತ್ತಿರವಿದೆಯೇ ಎಂಬುದನ್ನೂ ಮೊದಲೇ ನೋಡಿಕೊಳ್ಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 34ನೇ ಕಲಮಿನಂತೆ ಅಭಯಾರಣ್ಯದಿಂದ 10 ಕಿಲೋಮೀಟರ್ ವ್ಯಾಪ್ತಿಯಲ್ಲಿ ಹೊಸ ಪರವಾನಗಿಗೆ ಮುಖ್ಯ ವನ್ಯಜೀವಿ ಪರಿಪಾಲಕರ ಪೂರ್ವ ಒಪ್ಪಿಗೆ ಬೇಕು. ಆ ವ್ಯಾಪ್ತಿಯಲ್ಲಿ ಬಂದೂಕು ಇರುವವರು ಅರಣ್ಯ ಇಲಾಖೆಯಲ್ಲಿ ಹೆಸರು ನೋಂದಾಯಿಸಬೇಕು. ಭದ್ರಾ, ಸೋಮೇಶ್ವರ, ಮೂಕಾಂಬಿಕಾ, ಪುಷ್ಪಗಿರಿ, ಬ್ರಹ್ಮಗಿರಿ, ತಲಕಾವೇರಿ ಅಭಯಾರಣ್ಯಗಳ ಸುತ್ತ ಹತ್ತು ಕಿಲೋಮೀಟರ್ ಎಳೆದರೆ ನಮ್ಮ ಮಲೆನಾಡು, ಕೊಡಗಿನ ಎಷ್ಟು ಹಳ್ಳಿಗಳು ಅದರೊಳಗೆ ಬರುತ್ತವೆ ಎಂಬುದನ್ನು ಊಹಿಸಿಕೊಳ್ಳಬಹುದು. ಅರ್ಜಿ ಕೊಡುವ ದಿನವೇ ಇದನ್ನು ತಿಳಿಸಿ ಅರಣ್ಯ ಇಲಾಖೆಯ ಅಭಿಪ್ರಾಯವನ್ನೂ ಕೋರಿದರೆ, ಕಡತ ಆರು ತಿಂಗಳ ನಂತರ ಅದೊಂದೇ ಕಾರಣಕ್ಕೆ ಹಿಂದಿರುಗುವುದು ತಪ್ಪುತ್ತದೆ.

ನಂತರ ಪೊಲೀಸ್ ವಿಚಾರಣೆ. ಠಾಣೆಯವರು ಮನೆಗೆ ಬಂದು ನೆರೆಯವರನ್ನು ಕೇಳುತ್ತಾರೆ, ಹಳೆಯ ಪ್ರಕರಣಗಳನ್ನು ನೋಡುತ್ತಾರೆ, ಕೋವಿ ಇಡುವ ಜಾಗವನ್ನು ಪರಿಶೀಲಿಸುತ್ತಾರೆ. ಜಮೀನಿನ ಗಡಿ ವ್ಯಾಜ್ಯದಲ್ಲಿ ಹಾಕಿದ ಒಂದು ದೂರು ಇದ್ದರೂ ಮುಚ್ಚಿಡದೆ ಅರ್ಜಿಯಲ್ಲಿ ಬರೆಯಿರಿ, ಏಕೆಂದರೆ ಪ್ರಕರಣಕ್ಕಿಂತ ಅದನ್ನು ಮುಚ್ಚಿಟ್ಟದ್ದೇ ನಿರಾಕರಣೆಗೆ ಹೆಚ್ಚು ಬಲವಾದ ಕಾರಣವಾಗುತ್ತದೆ. ಪೊಲೀಸ್ ವರದಿಗೆ ನಿಯಮಗಳು 30 ದಿನಗಳ ಅವಧಿ ಕೊಟ್ಟಿವೆ, ವರದಿ ಬಂದ ಮೇಲೆ ತೀರ್ಮಾನಕ್ಕೆ 60 ದಿನ. ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಸಮಯ ಹಿಡಿಯುವುದುಂಟು. ಆದ್ದರಿಂದ ಅರ್ಜಿಯ ಸಂಖ್ಯೆ ಹಿಡಿದು ಜಿಲ್ಲಾಧಿಕಾರಿ ಕಚೇರಿಯ ದಂಡಾಧಿಕಾರ ಶಾಖೆಯಲ್ಲಿ ಆಗಾಗ ವಿಚಾರಿಸುತ್ತಿರಬೇಕು. ನಿರಾಕರಿಸಿದರೆ ಕಾರಣವನ್ನು ಲಿಖಿತವಾಗಿ ಕೇಳುವ ಹಕ್ಕು ನಿಮಗಿದೆ. ಆದೇಶವಾದ 30 ದಿನಗಳೊಳಗೆ ಶಸ್ತ್ರಾಸ್ತ್ರ ಕಾಯ್ದೆಯ 18ನೇ ಕಲಮಿನಡಿ ಮೇಲ್ಮನವಿ ಸಲ್ಲಿಸಬಹುದು.

ಪರವಾನಗಿ ಬಂದ ಮೇಲೆ

ಪುಸ್ತಕ ಕೈಗೆ ಬಂದಾಗ ಹೆಸರು, ಕೋವಿಯ ಸಂಖ್ಯೆ, ಉದ್ದೇಶ, ವ್ಯಾಪ್ತಿ, ತೋಟಾಗಳ ಮಿತಿ ಮತ್ತು ಬಂದೂಕು ಪರವಾನಗಿಗಳ ರಾಷ್ಟ್ರೀಯ ದತ್ತಾಂಶದ ವಿಶಿಷ್ಟ ಗುರುತಿನ ಸಂಖ್ಯೆಯನ್ನು ಅಲ್ಲಿಯೇ ನಿಂತು ಓದಿ. ಈಗಿನ ಪರವಾನಗಿಯ ಅವಧಿ 5 ವರ್ಷ. ಅದು ಮುಗಿಯುವ ಎರಡು ಮೂರು ತಿಂಗಳ ಮುಂಚೆಯೇ ನವೀಕರಣಕ್ಕೆ ಕೊಡಬೇಕು. ಮನೆಯಲ್ಲಿ ಕೋವಿ ಒಂದು ಬೀಗದಲ್ಲಿ, ತೋಟಾ ಇನ್ನೊಂದು ಬೀಗದಲ್ಲಿ ಇರಲಿ. ಪರವಾನಗಿಯಲ್ಲಿ ಹೆಸರಿಲ್ಲದ ತೋಟದ ಕಾವಲುಗಾರರ ಕೈಗೆ ರಾತ್ರಿ ಕೋವಿ ಕೊಟ್ಟು ಕಳಿಸುವುದು ಅಪರಾಧ. ಇಂಥ ರಾತ್ರಿಗಳಲ್ಲೇ ಪೊದೆ ಅಲುಗಿದ್ದನ್ನು ಹಂದಿಯೆಂದು ತಿಳಿದು ಮನುಷ್ಯರಿಗೆ ಗುಂಡು ಹೊಡೆದ ದುರಂತಗಳು ನಡೆದಿವೆ.

ಬೆಳೆ ರಕ್ಷಣೆಯ ಪರವಾನಗಿ ಎಂದರೆ ಪ್ರಾಣಿಯನ್ನು ಕೊಲ್ಲುವ ಪರವಾನಗಿ ಅಲ್ಲ. ಈ ಒಂದು ಮಾತನ್ನು ನಾನು ಎಷ್ಟು ಸಲ ಹೇಳಿದರೂ ಸಾಲದು. ಕೋವಿಯನ್ನು ಇಟ್ಟುಕೊಳ್ಳುವುದನ್ನು ಶಸ್ತ್ರಾಸ್ತ್ರ ಕಾಯ್ದೆ ನೋಡಿಕೊಳ್ಳುತ್ತದೆ, ಗುಂಡು ಯಾವ ಪ್ರಾಣಿಗೆ ತಗಲಿತು ಎಂಬುದನ್ನು ವನ್ಯಜೀವಿ ಕಾಯ್ದೆ ನೋಡುತ್ತದೆ. ಬೆಳೆ ತಿನ್ನುವ ಕಾಡುಹಂದಿಯ ವಿಷಯದಲ್ಲೂ ವನ್ಯಜೀವಿ ಕಾಯ್ದೆಯ 11ನೇ ಕಲಮಿನಡಿ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಸಹಿತ ಲಿಖಿತ ಅನುಮತಿ ಕೊಟ್ಟಿದ್ದರೆ ಮಾತ್ರ ಹೊಡೆಯಬಹುದು. ಹಾಗೆ ಹೊಡೆದ ಪ್ರಾಣಿಯೂ ಸರ್ಕಾರದ ಸ್ವತ್ತು, ಅಡುಗೆಮನೆಗೆ ಸೇರುವಂಥದ್ದಲ್ಲ. ಆನೆಗೂ ನವಿಲಿಗೂ ಇರುವ ರಕ್ಷಣೆ ಇನ್ನೂ ಬಿಗಿಯಾದದ್ದು. ಪ್ರಾಣಿ ಮೈಮೇಲೆ ಬಂದಾಗ ಪ್ರಾಣ ಉಳಿಸಿಕೊಳ್ಳಲು ಸದುದ್ದೇಶದಿಂದ ಹೊಡೆದದ್ದನ್ನು ಕಾನೂನು ಅಪರಾಧವೆನ್ನುವುದಿಲ್ಲ. ಆದರೆ ಆಗಲೂ ತಡಮಾಡದೆ ಅರಣ್ಯ ಇಲಾಖೆಗೆ ತಿಳಿಸಬೇಕು. ಮದುವೆ, ಜಾತ್ರೆ, ಮೆರವಣಿಗೆಗಳಲ್ಲಿ ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಗುಂಡು ಹಾರಿಸಿದರೆ 2 ವರ್ಷದವರೆಗೆ ಸೆರೆವಾಸ ಅಥವಾ 1 ಲಕ್ಷ ರೂಪಾಯಿಯವರೆಗೆ ದಂಡ ಅಥವಾ ಎರಡೂ ಆಗಬಹುದು.

ಚುನಾವಣೆ ಘೋಷಣೆಯಾದ ಕೂಡಲೇ ಕೋವಿ ಠೇವಣಿ ಇಡಿ ಎಂಬ ಆದೇಶ ಬರುವುದು ನಮ್ಮೆಲ್ಲರಿಗೂ ಗೊತ್ತು. ಅಡಿಕೆ, ಬಾಳೆ, ಭತ್ತ ಕಾಯುವ ಕಾಲದಲ್ಲಿ ಇದರಿಂದ ಆಗುವ ನಷ್ಟ ಸಣ್ಣದಲ್ಲ. ಚುನಾವಣಾ ಆಯೋಗದ ಮಾರ್ಗಸೂಚಿ ಎಲ್ಲರಿಂದಲೂ ಸಾರಾಸಗಟಾಗಿ ಕೋವಿ ಕಸಿದುಕೊಳ್ಳಿ ಎನ್ನುವುದಿಲ್ಲ. ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯವರು, ಹಿಂದೆ ಗಲಭೆಯಲ್ಲಿ ಸಿಕ್ಕಿದವರು ಎಂದು ಒಬ್ಬೊಬ್ಬರನ್ನೇ ಪರಿಶೀಲಿಸಲು ಜಿಲ್ಲಾ ಮಟ್ಟದಲ್ಲಿ ಪರಿಶೀಲನಾ ಸಮಿತಿ ಇರಬೇಕು ಎನ್ನುತ್ತದೆ. ವಿನಾಯಿತಿ ಬೇಕಾದವರು ಘೋಷಣೆಯಾದ ವಾರದಲ್ಲೇ ಪಹಣಿ, ಹಿಂದಿನ ಬೆಳೆಹಾನಿಯ ದಾಖಲೆ, ಪರವಾನಗಿಯ ನಕಲನ್ನು ಜೋಡಿಸಿ ಆ ಸಮಿತಿಗೆ ಅರ್ಜಿ ಕೊಡಬೇಕು. ಅರ್ಜಿ ತೀರ್ಮಾನವಾಗುವ ಮೊದಲೇ ಠೇವಣಿಗೆ ಆದೇಶ ಕೈಗೆ ಬಂದರೆ ಅದನ್ನು ಪಾಲಿಸಿಯೇ ಮುಂದಿನ ಮಾತಾಡಿ.

ಕೊಡಗಿನವರಿಗೆ

ಕೊಡವರಿಗೂ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಮೀನು ಹೊಂದಿದ ಕೊಡಗಿನ ಹಿಡುವಳಿದಾರರಿಗೂ ಬಂದೂಕಿನ ಪರವಾನಗಿಯಿಂದ ಇರುವ ವಿನಾಯಿತಿ 1861ರಷ್ಟು ಹಳೆಯದು. ಅಂದು ಬ್ರಿಟಿಷ್ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಅವರು ಕೊಡವರನ್ನು ನಿರಾಯುಧೀಕರಣ ಕಾಯ್ದೆಯಿಂದ ಹೊರಗಿಟ್ಟರು. ಸ್ವಾತಂತ್ರ್ಯದ ನಂತರ ಅದು 1959ರ ಕಾಯ್ದೆಯ 41ನೇ ಕಲಮಿನಡಿ ಹೊರಡಿಸಿದ ಅಧಿಸೂಚನೆಯ ರೂಪದಲ್ಲಿ ಮುಂದುವರಿಯಿತು. 2019ರ ಅಕ್ಟೋಬರಿನಲ್ಲಿ ಕೇಂದ್ರ ಗೃಹ ಸಚಿವಾಲಯ ಅದನ್ನು 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿದೆ. 2021ರಲ್ಲಿ ರಾಜ್ಯ ಹೈಕೋರ್ಟ್ ಈ ವಿನಾಯಿತಿಯನ್ನು ಎತ್ತಿಹಿಡಿದಿದೆ. ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್‌ನಂದು ತೋಕಿಗೆ, ಅಂದರೆ ಕೋವಿಗೆ, ಹೂವಿಟ್ಟು ಪೂಜಿಸುವ ಜನರಿಗೆ ಇದು ಸವಲತ್ತಿಗಿಂತ ದೊಡ್ಡದು, ಮನೆತನದ ಗೌರವದ ವಿಷಯ.

ಆದರೆ ವಿನಾಯಿತಿ ಇರುವುದು ಪರವಾನಗಿ ಪಡೆಯುವುದರಿಂದ ಮಾತ್ರ. ಕೋವಿಯ ವಿವರ ಜಿಲ್ಲಾಧಿಕಾರಿಗಳು ಕೊಡುವ ವಿನಾಯಿತಿ ಪ್ರಮಾಣಪತ್ರದಲ್ಲಿ ಇರಬೇಕು. ಹಿರಿಯರು ತೀರಿಕೊಂಡ ಮೇಲೆ ಆ ಪತ್ರವನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು. ಕುಟುಂಬದ ಹೆಸರಿನೊಂದಿಗೆ ಬರುವ ಜಮ್ಮಾ ದಾಖಲೆ ಇದಕ್ಕೆ ಆಧಾರ. ಬೆಂಗಳೂರಿನಲ್ಲೋ ಮೈಸೂರಿನಲ್ಲೋ ನೆಲೆಸಿದವರು ಕೋವಿಯೊಡನೆ ಜಿಲ್ಲೆಯ ಗಡಿ ದಾಟುವ ಮೊದಲು ಆ ಪತ್ರದ ಷರತ್ತುಗಳನ್ನು ಓದಿಕೊಳ್ಳಬೇಕು. ಜಿಲ್ಲೆಯ ಹೊರಗೆ ಒಯ್ಯುವ ಕೋವಿ ಮತ್ತು ತೋಟಾಗಳ ಸಂಖ್ಯೆಗೆ ಮಿತಿಯಿದೆ. ವನ್ಯಜೀವಿ ಕಾಯ್ದೆಯ ಯಾವ ಕಲಮಿನಿಂದಲೂ ಈ ವಿನಾಯಿತಿ ರಕ್ಷಣೆ ಕೊಡುವುದಿಲ್ಲ. ಅಭಯಾರಣ್ಯದ ಸುತ್ತಲಿನ ನೋಂದಣಿಯ ನಿಯಮ, ವಿನಾಯಿತಿ ಪಡೆದವರೂ ಹೆಸರು ಬರೆಸಬೇಕೆಂದು ಸ್ಪಷ್ಟ ಮಾತುಗಳಲ್ಲೇ ಹೇಳಿದೆ.

ಕೋವಿ ಬೇಡ ಎನ್ನುವವರಿಗೆ

ಮಕ್ಕಳೆಲ್ಲ ಪಟ್ಟಣ ಸೇರಿ ತೋಟವನ್ನು ಗೇಣಿಗೆ ಕೊಟ್ಟ ಮನೆಗಳಲ್ಲಿ ಕೋವಿ ಇಟ್ಟುಕೊಳ್ಳುವ ಅಗತ್ಯವೇ ಇರುವುದಿಲ್ಲ. ಅಂಥವರು ಠೇವಣಿ ಇಟ್ಟು ಮರೆಯಬಾರದು. ಜಿಲ್ಲಾಧಿಕಾರಿ ಕಚೇರಿಗೆ ಅರ್ಜಿ ಕೊಟ್ಟು, ಕೋವಿಯನ್ನು ಪರವಾನಗಿ ಪಡೆದ ವ್ಯಾಪಾರಿಗೆ ಅಥವಾ ಸಿಂಧುವಾದ ಪರವಾನಗಿ ಇರುವ ವ್ಯಕ್ತಿಗೆ ಮಾರಲು ಅನುಮತಿ ಪಡೆಯಬೇಕು. ಮಾರಾಟವಾದ ಮೇಲೆ ಕೊಂಡವರ ಪುಸ್ತಕದಲ್ಲಿ ನಿಮ್ಮ ಕೋವಿಯ ಸಂಖ್ಯೆ ದಾಖಲಾದ ಪುಟದ ನಕಲು ಪಡೆಯಿರಿ. ಹಳೆಯ ಪರವಾನಗಿ ಪುಸ್ತಕವನ್ನು ಕಚೇರಿಗೆ ಮರಳಿಸಿ, ಅದು ರದ್ದಾಯಿತು ಎಂಬ ಹಿಂಬರಹ ಪಡೆದು, ಆ ಎರಡು ಕಾಗದಗಳನ್ನು ಜಮೀನಿನ ದಾಖಲೆಗಳ ಕಟ್ಟಿನಲ್ಲೇ ಇಡಿ. ಮಾರಿದ ಕೋವಿ ಹತ್ತು ವರ್ಷದ ನಂತರ ಎಲ್ಲೋ ಒಂದು ಪ್ರಕರಣದಲ್ಲಿ ಸಿಕ್ಕಿದರೆ, ಪೊಲೀಸರು ಮೊದಲು ಬರುವುದು ದಾಖಲೆಯಲ್ಲಿ ಕೊನೆಯದಾಗಿ ಹೆಸರಿರುವವರ ಮನೆಗೆ.